ಕಲೆ ಹೋಯಿತು, ಎಲ್ಲಿಗೆ?

ಮದುವೆಮನೆಯ ಪಂಕ್ತಿಯಲ್ಲಿ ಕುಳಿತವರ ಬಿಳಿ ಪಂಚೆಯ ಮೇಲೆ ಒಂದು ಹನಿ ಹುಳಿಯೋ ಸಾರೋ ಬೀಳುವುದು ಹೊಸ ಸಂಗತಿಯೇನಲ್ಲ. ಬಿದ್ದ ಕೂಡಲೇ ಅವಸರದಿಂದ ಎದ್ದುಹೋಗಿ ಸಾಬೂನು ಹಚ್ಚಿ ಉಜ್ಜಿದವರಿಗೆ ಮಾತ್ರ ಒಂದು ಆಶ್ಚರ್ಯ ಕಾದಿರುತ್ತದೆ. ಹಳದಿಯಾಗಿದ್ದ ಕಲೆ ನೋಡನೋಡುತ್ತಿದ್ದಂತೆ ಕೆಂಪಾಗುತ್ತದೆ. ತೊಳೆಯಲು ಹೋಗಿ ಇನ್ನಷ್ಟು ಕೆಡಿಸಿಕೊಂಡೆವಲ್ಲ ಎಂದು ಪೇಚಾಡುವವರು ಆ ಕೆಂಪು ಬಣ್ಣವನ್ನು ಅದೇ ಮನೆಯ ಹೊಸ್ತಿಲಲ್ಲಿ ಆಗಲೇ ನೋಡಿರುತ್ತಾರೆ. ವಧೂವರರಿಗೆ ನಿವಾಳಿಸುವ ಓಕುಳಿಯ ನೀರಿನ ಬಣ್ಣವೂ ಅದೇ. ಅರಿಸಿನದ ನೀರಿಗೆ ಸುಣ್ಣ ಬೆರೆಸಿದರೆ ಓಕುಳಿ ಕೆಂಪಾಗುತ್ತದೆ. ಅರಿಸಿನದ ಕಲೆಗೆ ಸಾಬೂನು ಸೋಕಿದರೆ ಪಂಚೆ ಕೆಂಪಾಗುತ್ತದೆ. ಸುಣ್ಣ, ಸಾಬೂನು ಎರಡೂ ಕ್ಷಾರಗುಣದವು. ಅರಿಸಿನಕ್ಕೆ ಬಣ್ಣ ಕೊಡುವ ಕರ್ಕ್ಯುಮಿನ್ ಎಂಬ ವಸ್ತು ಕ್ಷಾರ ಸೋಕಿದೊಡನೆ ಕೆಂಪಿಗೆ ತಿರುಗುತ್ತದೆ. ಚೆನ್ನಾಗಿ ಜಾಲಿಸಿ ಕ್ಷಾರವನ್ನು ತೆಗೆದರೆ ಮತ್ತೆ ಹಳದಿ. ಆ ಹಳದಿಯನ್ನು ಕೊನೆಗೆ ಅಳಿಸುವುದು ಬಿಸಿಲು. ಒದ್ದೆ ಬಟ್ಟೆಯನ್ನು ಎರಡು ದಿನ ಬಿಸಿಲಿಗೆ ಹರವಿದರೆ ಬೆಳಕಿಗೆ ಸಿಕ್ಕ ಕರ್ಕ್ಯುಮಿನ್ ಒಡೆದು ಬಣ್ಣ ಕಳೆದುಕೊಳ್ಳುತ್ತದೆ.

ಎಲ್ಲ ಕಲೆಗಳೂ ಇಷ್ಟು ಸಾಧುವಾಗಿ ಇದ್ದಲ್ಲಿಯೇ ಮಾಯವಾಗುವುದಿಲ್ಲ. ಕಲೆ ತೆಗೆಯುವುದು ಎಂದರೆ ಬಹುಮಟ್ಟಿಗೆ ಸ್ಥಳಾಂತರ ಮಾಡುವುದು. ಬಟ್ಟೆಯ ಕೊಳೆ ನೀರಿಗೆ, ನೀರಿನದು ಚರಂಡಿಗೆ, ಚರಂಡಿಯದು ಕೆರೆಗೆ ಹೋಗುತ್ತದೆ. ಕೊಳೆಯ ಜೊತೆಗೆ ಅದನ್ನು ಮುಟ್ಟುವ ಕೆಲಸವೂ ಒಬ್ಬರ ಕೈಯಿಂದ ಇನ್ನೊಬ್ಬರ ಕೈಗೆ ದಾಟುತ್ತದೆ. ಸಾಬೂನು, ಸೋಡಾ, ಬ್ಲೀಚಿಂಗ್ ಪೌಡರ್, ಡಿಟರ್ಜೆಂಟ್, ಈಗಿನ ‘ಡೀಪ್ ಕ್ಲೀನಿಂಗ್’ ಕಂಪನಿಗಳು, ಇವೆಲ್ಲ ಸೇರಿ ಶುಚಿತ್ವದ ಒಂದು ದೀರ್ಘ ಚರಿತ್ರೆಯಾಗುತ್ತದೆ. ಕಲೆ ಎಲ್ಲಿಗೆ ಹೋಯಿತು, ಯಾರ ಕೈಯಿಂದ ಹೋಯಿತು ಎಂಬ ಎರಡು ಪ್ರಶ್ನೆಗಳನ್ನು ಇಟ್ಟುಕೊಂಡು ನೋಡಿದರೆ ಆ ಚರಿತ್ರೆ ಹೆಚ್ಚು ಸ್ಪಷ್ಟವಾಗಿ ಕಾಣುತ್ತದೆ.

ಮಡಿಯೂ ಮಡಿವಾಳನೂ

ಕನ್ನಡದಲ್ಲಿ ‘ಮಡಿ’ ಎಂಬುದು ಸಣ್ಣ ಮಾತಲ್ಲ. ಒಗೆದ ಬಟ್ಟೆಯೂ ಮಡಿ, ಆಚಾರದ ಶುದ್ಧಿಯೂ ಮಡಿ. ಬಟ್ಟೆಯನ್ನು ಮಡಿ ಮಾಡುವವನು ಮಡಿವಾಳ. ಆದರೆ ಮಡಿಯನ್ನು ಉಂಟುಮಾಡುವವನನ್ನೇ ಮಡಿವಂತರು ದೂರ ನಿಲ್ಲಿಸಿದ್ದು ನಮ್ಮ ಸಮಾಜದ ಹಳೆಯ ವಿರೋಧಾಭಾಸ. ಹೆರಿಗೆಯ ಬಟ್ಟೆ, ಮುಟ್ಟಿನ ಬಟ್ಟೆ, ಸೂತಕದ ಬಟ್ಟೆ, ಮನೆಯವರು ಮುಟ್ಟಲು ಹಿಂಜರಿಯುವ ಎಲ್ಲವೂ ಅಗಸರ ಗಂಟಿಗೆ ಸೇರುತ್ತಿದ್ದವು. ಬಟ್ಟೆಯ ಕಲೆ ನೀರಿಗೆ ಹೋದರೂ ಅದನ್ನು ಒಗೆದವನಿಗೆ ಸಮಾಜ ಹಚ್ಚಿದ ಕಲೆ ಹೋಗುತ್ತಿರಲಿಲ್ಲ.

ಹನ್ನೆರಡನೆಯ ಶತಮಾನದ ಕಲ್ಯಾಣದಲ್ಲಿ ಈ ಲೆಕ್ಕವನ್ನು ತಲೆಕೆಳಗು ಮಾಡಿದವರಲ್ಲಿ ಮಡಿವಾಳ ಮಾಚಯ್ಯ ಒಬ್ಬ. ಇಂದಿನ ವಿಜಯಪುರ ಜಿಲ್ಲೆಯ ದೇವರ ಹಿಪ್ಪರಗಿಯವನು, ಬಸವಣ್ಣನ ಸಮಕಾಲೀನ. ‘ಕಲಿದೇವರದೇವ’ ಎಂಬ ಅಂಕಿತದಲ್ಲಿ ವಚನಗಳನ್ನು ಬರೆದ. ಶರಣರ ಬಟ್ಟೆಗಳನ್ನಷ್ಟೇ ಮಡಿ ಮಾಡುತ್ತಿದ್ದನೆಂದೂ ಆ ಗಂಟನ್ನು ಅನ್ಯರಿಗೆ ಮುಟ್ಟಗೊಡುತ್ತಿರಲಿಲ್ಲವೆಂದೂ ಪರಂಪರೆ ಹೇಳುತ್ತದೆ. ಅಂದರೆ ಇಲ್ಲಿ ಮಡಿಯ ಗೆರೆಯನ್ನು ಎಳೆಯುವವನು ಒಗೆಯುವವನೇ. ಕಸ ಗುಡಿಸುವ ಕಾಯಕದ ಸತ್ಯಕ್ಕನೂ ಅದೇ ಕಾಲದ ವಚನಕಾರ್ತಿ. ಬಟ್ಟೆ ಒಗೆಯುವುದು, ಅಂಗಳ ಗುಡಿಸುವುದು ಕಾಯಕವೆನಿಸಿಕೊಂಡು, ಅದನ್ನು ಮಾಡುವವರ ಹೆಸರಿನೊಂದಿಗೇ ಸಾಹಿತ್ಯದಲ್ಲಿ ಉಳಿದುಬಂದದ್ದು ಅಪರೂಪದ ಘಟನೆ.

ಹಳ್ಳಿಯ ವ್ಯವಸ್ಥೆ ಮಾತ್ರ ಬಹಳ ಕಾಲ ಹಳೆಯ ಜಾಡಿನಲ್ಲೇ ನಡೆಯಿತು. ಊರಿನ ಆಯಗಾರರಲ್ಲಿ ಅಗಸನೂ ಒಬ್ಬ. ವರ್ಷವಿಡೀ ಊರ ಬಟ್ಟೆ ಒಗೆದದ್ದಕ್ಕೆ ಸುಗ್ಗಿಯಲ್ಲಿ ಕಣದಲ್ಲಿ ಒಂದು ಪಾಲು ಧಾನ್ಯ ಸಿಗುತ್ತಿತ್ತು. ಬೆಳೆ ಬಂದರೆ ಪಾಲು. ಬರ ಬಂದರೆ ಅವನಿಗೂ ಬರ.

ಈ ಕೆಲಸದ ಹಿಂದೆ ಒಂದು ಪೂರ್ಣ ಪ್ರಮಾಣದ ರಸಾಯನಶಾಸ್ತ್ರವೇ ಇತ್ತು. ಒಣಭೂಮಿಯ ಸೀಮೆಗಳಲ್ಲಿ ಬೇಸಿಗೆಯಲ್ಲಿ ನೆಲದ ಮೇಲೆ ಬೆಳ್ಳಗೆ ಉಕ್ಕುವ ಸೌಳು ಮಣ್ಣು ಅಗಸರ ಮುಖ್ಯ ಸಾಮಗ್ರಿ. ಅದರಲ್ಲಿರುವ ಸೋಡಿಯಂ ಕಾರ್ಬೊನೇಟ್ ಇಂದು ಅಂಗಡಿಯಲ್ಲಿ ವಾಷಿಂಗ್ ಸೋಡಾ ಎಂದು ಮಾರುವ ವಸ್ತುವೇ. ಸೌಳಿನ ನೀರಿನಲ್ಲಿ ಅದ್ದಿದ ಬಟ್ಟೆಯನ್ನು ಉಬ್ಬೆಗೆ ಹಾಕಿ ಹಬೆಯಲ್ಲಿ ಬೇಯಿಸಿದಾಗ, ಬಟ್ಟೆಗೆ ಅಂಟಿದ ಬೆವರಿನ ಜಿಡ್ಡು ಆ ಕ್ಷಾರದೊಡನೆ ಕೂಡಿ ಒಂದಿಷ್ಟು ಸಾಬೂನೇ ಆಗಿಬಿಡುತ್ತದೆ. ಕೊಳೆಯಿಂದಲೇ ಕೊಳೆ ತೆಗೆಯುವ ಉಪಾಯ ಇದು. ಆಮೇಲೆ ಒಗೆಯುವ ಕಲ್ಲು, ಹರಿಯುವ ನೀರು, ಬಿಸಿಲು. ರೇಷ್ಮೆಗೂ ಉಣ್ಣೆಗೂ ಸೌಳಿನ ಕ್ಷಾರ ಕಟುವಾದ್ದರಿಂದ ಅವುಗಳಿಗೆ ಅಂಟುವಾಳದ ಕಾಯಿ. ಅದರಲ್ಲಿರುವ ಸಪೋನಿನ್ ಎಂಬ ವಸ್ತು ನೊರೆ ಕೊಡುತ್ತದೆ, ನೂಲನ್ನು ತಿನ್ನುವುದಿಲ್ಲ. ಹಳೆಯ ಬಿಳಿ ಬಟ್ಟೆಗೆ ಬರುವ ಹಳದಿ ಛಾಯೆಯನ್ನು ಮರೆಮಾಡಲು ಕೊನೆಯಲ್ಲಿ ನೀಲಿ. ನೀಲಿ ಯಾವ ಕಲೆಯನ್ನೂ ತೆಗೆಯುವುದಿಲ್ಲ. ಹಳದಿಗೆ ಎದುರಾದ ಬಣ್ಣವನ್ನು ಸೇರಿಸಿ ಕಣ್ಣಿಗೆ ಬಿಳುಪಿನ ಭ್ರಮೆ ಹುಟ್ಟಿಸುತ್ತದೆ. ಇಂದಿನ ಡಿಟರ್ಜೆಂಟ್ ಪುಡಿಗಳಲ್ಲಿ ಬೆರೆಸುವ ಹೊಳಪುಕಾರಕಗಳು ಮಾಡುವುದೂ ಬಹುತೇಕ ಇದನ್ನೇ. ಅವು ಕಣ್ಣಿಗೆ ಕಾಣದ ಅತಿನೇರಳೆ ಕಿರಣವನ್ನು ಹೀರಿ ನೀಲಿ ಬೆಳಕಾಗಿ ಹೊರಸೂಸುತ್ತವೆ.

ಅಗಸರ ಬತ್ತಳಿಕೆಯಲ್ಲಿ ಇನ್ನೊಂದು ಸ್ವಾರಸ್ಯಕರ ವಸ್ತುವಿತ್ತು: ಕರಿಗೇರು. ಊರಿನವರ ಬಟ್ಟೆಗಳೆಲ್ಲ ಒಂದೇ ಉಬ್ಬೆಯಲ್ಲಿ ಬೇಯುವಾಗ ಯಾರದು ಯಾವುದೆಂದು ತಿಳಿಯಬೇಕಲ್ಲ? ಕರಿಗೇರಿನ ಕಾಯಿಯ ರಸದಿಂದ ಬಟ್ಟೆಯ ಮೂಲೆಯಲ್ಲಿ ಚುಕ್ಕೆ, ಗೆರೆಗಳ ಗುರುತು ಹಾಕಿ ಮೇಲೆ ಸುಣ್ಣ ತಾಗಿಸಿದರೆ ಕಪ್ಪು ಕಲೆ ನಿಲ್ಲುತ್ತದೆ. ಸೌಳು, ಹಬೆ, ಬಿಸಿಲು ಯಾವುದಕ್ಕೂ ಅದು ಜಗ್ಗುವುದಿಲ್ಲ. ಕಲೆ ತೆಗೆಯುವುದೇ ವೃತ್ತಿಯಾದವರು ತಮ್ಮ ವ್ಯವಹಾರದ ಲೆಕ್ಕಕ್ಕೆ ಎಂದಿಗೂ ಹೋಗದ ಕಲೆಯೊಂದನ್ನು ನೆಚ್ಚಿಕೊಂಡಿದ್ದರು. ಆ ರಸ ಚರ್ಮಕ್ಕೆ ತಾಗಿದರೆ ಬೊಬ್ಬೆ ಏಳುತ್ತದೆ. ಗುರುತಿನ ಬೆಲೆಯನ್ನೂ ಅಗಸರ ಬೆರಳುಗಳೇ ತೆರುತ್ತಿದ್ದವು.

ಹುಲ್ಲುಗಾವಲಿನಿಂದ ಕಾರ್ಖಾನೆಗೆ

ಹದಿನೆಂಟನೆಯ ಶತಮಾನದ ಯೂರೋಪಿನಲ್ಲೂ ಬಟ್ಟೆ ಬೆಳ್ಳಗಾಗುತ್ತಿದ್ದುದು ಬಿಸಿಲಿನಲ್ಲಿಯೇ. ನಾರಗಸೆಯ ಲಿನನ್ ಬಟ್ಟೆಯನ್ನು ಬೂದಿನೀರಿನಲ್ಲಿ ಕುದಿಸಿ, ಹುಳಿ ಮಜ್ಜಿಗೆಯಲ್ಲಿ ನೆನೆಸಿ, ಹುಲ್ಲುಗಾವಲಿನ ಮೇಲೆ ಹರವಿ ತಿಂಗಳುಗಟ್ಟಲೆ ಬಿಡುತ್ತಿದ್ದರು. ಅಲ್ಲಿನ ಮೋಡ ಮುಸುಕಿದ ಆಕಾಶದಲ್ಲಿ ಬಿಸಿಲು ದುಬಾರಿ. ನಗರಗಳ ಪಕ್ಕದ ಹುಲ್ಲುಗಾವಲು ಇನ್ನೂ ದುಬಾರಿ. ಹತ್ತಿ ಗಿರಣಿಗಳು ಬಂದು ಬಟ್ಟೆಯ ಉತ್ಪಾದನೆ ಏರಿದಾಗ ಈ ನಿಧಾನದ ವಿಧಾನ ಸಾಲದಾಯಿತು.

1774ರಲ್ಲಿ ಸ್ವೀಡನ್ನಿನ ಕಾರ್ಲ್ ಷೀಲೆ ಹಸಿರು ಮಿಶ್ರಿತ ಹಳದಿ ಬಣ್ಣದ ಒಂದು ಅನಿಲವನ್ನು ಪಡೆದ. ಅದೇ ಕ್ಲೋರಿನ್. ಅದು ಬಣ್ಣಗಳನ್ನು ಅಳಿಸುತ್ತದೆಂಬ ಗುಣವನ್ನು ಬಟ್ಟೆ ಬಿಳುಪು ಮಾಡಲು ಬಳಸಬಹುದೆಂದು 1785ರಲ್ಲಿ ಫ್ರಾನ್ಸಿನ ಬರ್ತೊಲೆ ತೋರಿಸಿದ. 1799ರಲ್ಲಿ ಗ್ಲಾಸ್ಗೋದ ಚಾರ್ಲ್ಸ್ ಟೆನೆಂಟ್ ಕ್ಲೋರಿನ್ನನ್ನು ಸುಣ್ಣಕ್ಕೆ ಹೀರಿಸಿ ಒಣ ಪುಡಿಯಾಗಿ ಮಾಡುವ ವಿಧಾನಕ್ಕೆ ಪೇಟೆಂಟ್ ಪಡೆದ. ಇಂದು ನಮ್ಮ ಊರುಗಳಲ್ಲಿ ಬಾವಿಗೂ ಚರಂಡಿಗೂ ಹಾಕುವ ಬ್ಲೀಚಿಂಗ್ ಪೌಡರ್ ಅದೇ. ತಿಂಗಳುಗಳ ಕೆಲಸ ದಿನಗಳಿಗೆ ಇಳಿಯಿತು. ಬ್ಲೀಚ್ ಕಲೆಯನ್ನು ಎತ್ತಿ ಹೊರಹಾಕುವುದಿಲ್ಲ, ಬಣ್ಣದ ಅಣುಗಳನ್ನೇ ಒಡೆಯುತ್ತದೆ. ಬಿಸಿಲು ಮೆಲ್ಲಗೆ ಮಾಡುತ್ತಿದ್ದುದನ್ನು ಅದು ಒರಟಾಗಿ, ವೇಗವಾಗಿ ಮಾಡಿತು.

ಸಾಬೂನಿಗೆ ಬೇಕಾದ ಕ್ಷಾರದ ಕಥೆಯೂ ಹೀಗೆಯೇ. ಮರದ ಬೂದಿ, ಕಡಲತೀರದ ಗಿಡಗಳ ಬೂದಿ ಸಾಲದೆ ಬಂದಾಗ ಅಡುಗೆ ಉಪ್ಪಿನಿಂದಲೇ ಸೋಡಾ ತಯಾರಿಸುವ ದಾರಿಯನ್ನು ಫ್ರಾನ್ಸಿನ ನಿಕೊಲಾ ಲೆಬ್ಲಾಂಕ್ ಕಂಡುಹಿಡಿದು 1791ರಲ್ಲಿ ಪೇಟೆಂಟ್ ಪಡೆದ. ಕ್ರಾಂತಿಯ ಸರ್ಕಾರ ಅವನ ಕಾರ್ಖಾನೆಯನ್ನು ಕಸಿದುಕೊಂಡಿತು. ಬಡತನದಲ್ಲಿ ನೊಂದು 1806ರಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. ಅವನ ವಿಧಾನ ಮಾತ್ರ ಇಂಗ್ಲೆಂಡಿನಲ್ಲಿ ದೊಡ್ಡ ಉದ್ಯಮವಾಯಿತು. ಉಪ್ಪಿಗೆ ಗಂಧಕಾಮ್ಲ ಸೇರಿಸುವಾಗ ಹೈಡ್ರೋಕ್ಲೋರಿಕ್ ಆಮ್ಲದ ಅನಿಲ ಹೊರಡುತ್ತದೆ. ಅದು ಚಿಮಣಿಯಿಂದ ಹೊರಬಿದ್ದು ಸುತ್ತಲಿನ ಹೊಲಗಳನ್ನು, ಮರಗಳನ್ನು ಸುಟ್ಟಿತು. ಗೊಣಗಾಟ ಹೆಚ್ಚಿ ಬ್ರಿಟಿಷ್ ಸಂಸತ್ತು 1863ರಲ್ಲಿ ಕ್ಷಾರ ಕಾಯಿದೆಯನ್ನು ತಂದು, ಆ ಅನಿಲದ ನೂರಕ್ಕೆ 95 ಭಾಗವನ್ನು ಕಾರ್ಖಾನೆಯೊಳಗೇ ಹಿಡಿದಿಡಬೇಕೆಂದು ವಿಧಿಸಿತು. ಗಾಳಿಯ ಮಾಲಿನ್ಯವನ್ನು ತಡೆಯಲು ರೂಪುಗೊಂಡ ಮೊದಮೊದಲ ಆಧುನಿಕ ಕಾನೂನುಗಳಲ್ಲಿ ಇದೂ ಒಂದು. ಶುಚಿಗಾಗಿ ಬೇಕಾದ ಸೋಡಾದ ಉದ್ಯಮವೇ ಅದಕ್ಕೆ ಕಾರಣವಾದದ್ದು ಗಮನಾರ್ಹ. ನಗರದ ಅಂಗಿಯ ಕಲೆ ಹಳ್ಳಿಯ ಹೊಲದಲ್ಲಿ ಕಾಣಿಸಿಕೊಂಡಿತ್ತು.

ಪೆಟ್ಟಿಗೆಯಲ್ಲಿ ಬಂದ ಬಿಳುಪು

1888ರಲ್ಲಿ ಕೋಲ್ಕತ್ತದ ಬಂದರಿಗೆ ಇಂಗ್ಲೆಂಡಿನ ಲಿವರ್ ಬ್ರದರ್ಸ್ ತಯಾರಿಸಿದ ಸನ್‌ಲೈಟ್ ಸಾಬೂನಿನ ಪೆಟ್ಟಿಗೆಗಳು ಬಂದಿಳಿದವು. 1895ರಲ್ಲಿ ಲೈಫ್‌ಬಾಯ್ ಬಂತು. ಪ್ರಾಣಿಗಳ ಕೊಬ್ಬಿನಿಂದ ಮಾಡಿದ್ದೆಂದು ಸಾಬೂನನ್ನು ಮಡಿವಂತರು ದೂರವಿಟ್ಟದ್ದೂ ಉಂಟು. ಆದರೂ ಪೇಟೆಯ ಮನೆಗಳಲ್ಲಿ ಅದು ನಿಧಾನವಾಗಿ ಒಳಹೊಕ್ಕಿತು.

ಮೈಸೂರು ಸಂಸ್ಥಾನಕ್ಕೆ ಸಾಬೂನು ಬಂದದ್ದು ಯುದ್ಧದ ಬಾಗಿಲಿನಿಂದ. ಇಲ್ಲಿನ ಶ್ರೀಗಂಧದ ಮರ ಯೂರೋಪಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿತ್ತು. 1914ರಲ್ಲಿ ಮೊದಲ ಮಹಾಯುದ್ಧ ಶುರುವಾಗಿ ರಫ್ತು ನಿಂತಾಗ ಗಂಧ ಕೊಳ್ಳುವವರಿಲ್ಲದಾಯಿತು. ನಾಲ್ವಡಿ ಕೃಷ್ಣರಾಜ ಒಡೆಯರ ಆಳ್ವಿಕೆ, ಎಂ. ವಿಶ್ವೇಶ್ವರಯ್ಯನವರ ದಿವಾನಗಿರಿ. ಗಂಧದೆಣ್ಣೆಯನ್ನು ಇಲ್ಲಿಯೇ ತೆಗೆಯುವ ಕಾರ್ಖಾನೆ ಬಂತು. ಹಿಂದೆಯೇ ಬೆಂಗಳೂರಿನಲ್ಲಿ ಸರ್ಕಾರಿ ಸಾಬೂನು ಕಾರ್ಖಾನೆ. ಇಂಗ್ಲೆಂಡಿಗೆ ಹೋಗಿ ಸಾಬೂನಿನ ತಂತ್ರವನ್ನು ಕಲಿತುಬಂದ ಸೋಸಲೆ ಗರಳಪುರಿ ಶಾಸ್ತ್ರಿಗಳು ಗಂಧದ ಪರಿಮಳವನ್ನು ಸಾಬೂನಿನಲ್ಲಿ ಹಿಡಿದಿಟ್ಟರು. ಅದು ಮೈಗೆ ಹಚ್ಚುವ ಸಾಬೂನು. ಆದರೂ ಸಾಬೂನು ಎಂಬುದು ವಿಲಾಯಿತಿಯ ವಸ್ತುವಾಗಿ ಉಳಿಯದೆ ಊರಿನ ವಸ್ತುವಾಗಲು ಇಂಥ ಕಾರ್ಖಾನೆಗಳು ನೆರವಾದವು.

ಸಾಬೂನಿಗೆ ಒಂದು ದೊಡ್ಡ ದೌರ್ಬಲ್ಯವಿದೆ. ಗಡಸು ನೀರಿನಲ್ಲಿ ಅದು ಸೋಲುತ್ತದೆ. ನೀರಿನಲ್ಲಿ ಕರಗಿರುವ ಸುಣ್ಣದ ಅಂಶ ಸಾಬೂನಿನೊಡನೆ ಕೂಡಿ ಬೂದುಬಣ್ಣದ ಜಿಗುಟಾಗಿ ಬಟ್ಟೆಗೂ ಬಕೆಟ್ಟಿಗೂ ಮೆತ್ತಿಕೊಳ್ಳುತ್ತದೆ. ಕೊಳವೆಬಾವಿಯ ನೀರನ್ನು ನೆಚ್ಚಿರುವ ಕೋಲಾರ, ತುಮಕೂರು ಕಡೆಯ ಮನೆಗಳಿಗೆ ಈ ಅನುಭವವನ್ನು ಬಿಡಿಸಿ ಹೇಳಬೇಕಿಲ್ಲ. ಮೊದಲ ಮಹಾಯುದ್ಧದ ಕಾಲದಲ್ಲಿ ಜರ್ಮನಿಯಲ್ಲಿ ಕೊಬ್ಬಿನ ಅಭಾವ ಉಂಟಾದಾಗ, ಕೊಬ್ಬಿಲ್ಲದೆ ಕೃತಕವಾಗಿ ತಯಾರಿಸುವ ಡಿಟರ್ಜೆಂಟುಗಳ ಹುಡುಕಾಟ ಆರಂಭವಾಯಿತು. ಎರಡನೆಯ ಮಹಾಯುದ್ಧದ ನಂತರ ಪೆಟ್ರೋಲಿಯಂ ಮೂಲದ ಡಿಟರ್ಜೆಂಟುಗಳು ಅಮೆರಿಕ, ಯೂರೋಪುಗಳ ಮನೆಗಳನ್ನು ಆವರಿಸಿದವು. ಗಡಸು ನೀರಿನಲ್ಲೂ ಇವು ಜಿಗುಟಾಗುವುದಿಲ್ಲ. 1959ರಲ್ಲಿ ಭಾರತಕ್ಕೆ ಸರ್ಫ್ ಬಂತು. 1969ರಲ್ಲಿ ಅಹಮದಾಬಾದಿನ ಕರ್ಸನ್‌ಭಾಯಿ ಪಟೇಲರು ಮನೆಯಲ್ಲಿಯೇ ಪುಡಿ ತಯಾರಿಸಿ ಸೈಕಲ್ಲಿನಲ್ಲಿ ಮಾರಲಾರಂಭಿಸಿದ ನಿರ್ಮಾ, ಸರ್ಫಿನ ಬೆಲೆಯ ಒಂದು ಭಾಗಕ್ಕೆ ಸಿಗುತ್ತಿದ್ದುದರಿಂದ, ಡಿಟರ್ಜೆಂಟನ್ನು ಬಡವರ ಮನೆಗೂ ತಂದಿತು. ಒಗೆಯುವ ಕೆಲಸ ಕೆರೆಯ ಕಲ್ಲಿನಿಂದ ಬಚ್ಚಲುಮನೆಗೆ ಬಂತು. ಅಗಸರ ಕೈಯಿಂದ ಮನೆಯ ಹೆಂಗಸರ ಕೈಗೂ ಬಂತು. ‘ಆಯ’ದ ಹಂಗು ಹರಿದುಕೊಂಡ ಅಗಸರಲ್ಲಿ ಹಲವರು ಪೇಟೆಯಲ್ಲಿ ಇಸ್ತ್ರಿ ಗಾಡಿ ಇಟ್ಟರು, ಲಾಂಡ್ರಿ ತೆರೆದರು.

ಕೆರೆಯ ಮೇಲಿನ ನೊರೆ

ಡಿಟರ್ಜೆಂಟಿನ ನೊರೆ ಬಕೆಟ್ಟಿನಲ್ಲಿಯೇ ಮುಗಿಯಲಿಲ್ಲ. 1950ರ ದಶಕದಲ್ಲಿ ಜರ್ಮನಿ, ಬ್ರಿಟನ್, ಅಮೆರಿಕಗಳ ನದಿಗಳು ನೊರೆಯ ಗುಡ್ಡೆಗಳನ್ನು ಹೊತ್ತು ಹರಿಯತೊಡಗಿದವು. ಅಂದಿನ ಡಿಟರ್ಜೆಂಟಿನ ಅಣುಗಳು ಕವಲೊಡೆದ ರಚನೆಯವು. ಅವುಗಳನ್ನು ಜೀರ್ಣಿಸಿಕೊಳ್ಳುವುದು ನೀರಿನ ಬ್ಯಾಕ್ಟೀರಿಯಗಳಿಗೆ ಸಾಧ್ಯವಾಗುತ್ತಿರಲಿಲ್ಲ. ಜರ್ಮನಿ 1961ರಲ್ಲಿ ಕಾನೂನು ಮಾಡಿತು. 1960ರ ದಶಕದ ಮಧ್ಯದ ಹೊತ್ತಿಗೆ ಅಲ್ಲಿನ ಕಂಪನಿಗಳು ಕವಲಿಲ್ಲದ ನೇರ ರಚನೆಯ, ಸುಲಭವಾಗಿ ಕೊಳೆಯುವ ಅಣುಗಳಿಗೆ ಬದಲಾದವು. ಇಂದು ನಾವು ಬಳಸುವುದೂ ಬಹುತೇಕ ಇಂಥವನ್ನೇ.

ಆದರೆ ಈ ಅಣುಗಳು ಕೊಳೆಯಬೇಕಾದರೂ ಗಾಳಿ ಬೇಕು, ಆಮ್ಲಜನಕ ಬೇಕು. ಚರಂಡಿಯ ನೀರು ಸಂಸ್ಕರಣೆಯಾಗದೆ ಕೆರೆ ಸೇರಿ, ತಳದಲ್ಲಿ ಆಮ್ಲಜನಕವಿಲ್ಲದ ಕಪ್ಪು ಹೂಳು ಕೂತರೆ ಅವು ಅಲ್ಲಿಯೇ ಉಳಿಯುತ್ತವೆ. ಬೆಂಗಳೂರಿನ ಬೆಳ್ಳಂದೂರು ಕೆರೆಯಲ್ಲಿ ಆದದ್ದು ಇದು. ಹೂಳಿಗೆ ಅಂಟಿ ಕೂತ ಡಿಟರ್ಜೆಂಟಿನ ಅಂಶ ಜೋರು ಮಳೆಗೆ ಕದಡಿ, ಕೋಡಿಯಲ್ಲಿ ನೀರು ಧುಮುಕುವಾಗ ನೊರೆಯಾಗಿ ಏಳುತ್ತದೆಂದು ಭಾರತೀಯ ವಿಜ್ಞಾನ ಸಂಸ್ಥೆಯ ಸಂಶೋಧಕರು ವಿವರಿಸಿದ್ದಾರೆ. 2015ರಲ್ಲಿ ಕೆರೆಯ ನೊರೆಗೆ ಬೆಂಕಿ ಹತ್ತಿದ ಚಿತ್ರಗಳನ್ನು ಜಗತ್ತೇ ನೋಡಿತು. 2017ರಲ್ಲಿ, 2018ರಲ್ಲಿ ಮತ್ತೆ ಆ ಕೆರೆಯ ಅಂಗಳದಲ್ಲಿ ಬೆಂಕಿ ಎದ್ದಿತು. ಯಮಲೂರು, ವರ್ತೂರುಗಳ ರಸ್ತೆಗೆ ಗಾಳಿಯಲ್ಲಿ ತೇಲಿಬಂದ ನೊರೆ ದ್ವಿಚಕ್ರ ವಾಹನದವರ ಮುಖಕ್ಕೆ ಮೆತ್ತಿಕೊಳ್ಳುತ್ತಿತ್ತು. ನಗರದ ಲಕ್ಷಾಂತರ ಬಚ್ಚಲುಮನೆಗಳಿಂದ ‘ಹೋದ’ ಕಲೆಗಳೆಲ್ಲ ಹೀಗೆ ಒಂದೆಡೆ ಸೇರಿ ಬೆಳ್ಳಗೆ ಎದ್ದುನಿಂತಿದ್ದವು.

ಒಂದೊಂದು ಕಲೆಗೆ ಒಂದೊಂದು ಗುಣ

ಪುಡಿ ಹೆಚ್ಚು ಸುರಿದಷ್ಟೂ ಕಲೆ ಬೇಗ ಹೋಗುತ್ತದೆಂಬುದು ಸಾಮಾನ್ಯವಾದ ತಪ್ಪು ಕಲ್ಪನೆ. ಕಲೆಯ ಗುಣ ತಿಳಿದರೆ ಪುಡಿಯ ಖರ್ಚೂ ಕೆರೆಯ ಹೊರೆಯೂ ಕಡಿಮೆ. ಎಣ್ಣೆ, ತುಪ್ಪದ ಜಿಡ್ಡಿಗೆ ಬಿಸಿನೀರು ಮತ್ತು ಸಾಬೂನು ಸರಿ. ರಕ್ತ, ಹಾಲು, ಮೊಟ್ಟೆಯವು ಪ್ರೋಟೀನಿನ ಕಲೆಗಳು. ಬಿಸಿನೀರು ಹಾಕಿದರೆ ಮೊಟ್ಟೆ ಬೆಂದಂತೆ ಅವು ನೂಲಿನಲ್ಲೇ ಗಟ್ಟಿಯಾಗುತ್ತವೆ. ಅವುಗಳಿಗೆ ತಣ್ಣೀರೇ ಮದ್ದು. ಚಹಾ, ಕಾಫಿಯ ಕಲೆಗಳಿಗೆ ಹಸಿಯಾಗಿರುವಾಗಲೇ ನೀರು ಹಾಕಬೇಕು. ಸಾಬೂನಿನ ಕ್ಷಾರ ಮೊದಲೇ ತಾಗಿದರೆ ಬಣ್ಣ ಗಾಢವಾಗಬಹುದು. ಕಬ್ಬಿಣದ ತುಕ್ಕಿಗೆ ನಿಂಬೆಯ ಹುಳಿ, ಉಪ್ಪು, ಬಿಸಿಲು. ಹಿತ್ತಾಳೆ ಪಾತ್ರೆಗೆ ಹುಣಿಸೆಹಣ್ಣು ಉಜ್ಜುತ್ತಿದ್ದ ಅಜ್ಜಿಯರ ಲೆಕ್ಕವೂ ಅದೇ: ಲೋಹದ ಮೇಲಿನ ಕಿಲುಬು ಹುಳಿಗೆ ಕರಗುತ್ತದೆ.

ಪ್ರೋಟೀನಿನ ಕಲೆಗಳನ್ನು ಬಿಡಿಸಲು ಜರ್ಮನಿಯ ಒಟ್ಟೊ ರೋಮ್ 1913ರಲ್ಲಿ ಪ್ರಾಣಿಗಳ ಮೇದೋಜೀರಕದ ಕಿಣ್ವವನ್ನು ಬಳಸುವ ಉಪಾಯ ಕಂಡುಕೊಂಡ. ಹೊಟ್ಟೆಯಲ್ಲಿ ಮಾಂಸವನ್ನು ಜೀರ್ಣಿಸುವ ವಸ್ತು ಬಟ್ಟೆಯ ಮೇಲಿನ ರಕ್ತವನ್ನೂ ಜೀರ್ಣಿಸಬಲ್ಲುದು. 1960ರ ದಶಕದಲ್ಲಿ ಬ್ಯಾಕ್ಟೀರಿಯಗಳಿಂದ ಪಡೆದ ಕಿಣ್ವಗಳು ಯೂರೋಪಿನ ಪುಡಿಗಳಲ್ಲಿ ಬಂದವು. ಆ ಕಿಣ್ವದ ದೂಳನ್ನು ಉಸಿರಾಡಿದ ಕಾರ್ಖಾನೆಯ ಕೆಲಸಗಾರರಿಗೆ ಉಬ್ಬಸ ಬರುತ್ತಿರುವುದನ್ನು ಬ್ರಿಟನ್ನಿನ ವೈದ್ಯರು 1969ರಲ್ಲಿ ವರದಿ ಮಾಡಿದರು. ಅದರ ನಂತರ ದೂಳೇಳದಂತೆ ಕಿಣ್ವಕ್ಕೆ ಮೇಣದಂಥ ಹೊದಿಕೆ ಹಾಕಿ ಕಾಳುಗಳಾಗಿ ಮಾಡುವ ಪದ್ಧತಿ ಬಂತು. ನೀರಿಲ್ಲದೆ ಒಗೆಯುವ ಡ್ರೈ ಕ್ಲೀನಿಂಗ್‌ನದೂ ಇಂಥದೇ ಕಥೆ. ಹಲವು ದಶಕಗಳಿಂದ ಅದಕ್ಕೆ ಬಳಕೆಯಾಗುತ್ತಿರುವ ಪರ್ಕ್ಲೋರೋಎಥಿಲೀನ್ ದ್ರಾವಕ ಆ ಅಂಗಡಿಗಳ ಕೆಲಸಗಾರರ ಆರೋಗ್ಯಕ್ಕೆ ಅಪಾಯಕಾರಿಯೆಂದು, ಡ್ರೈ ಕ್ಲೀನಿಂಗ್‌ನಲ್ಲಿ ಅದರ ಬಳಕೆಯನ್ನು ಹತ್ತು ವರ್ಷಗಳಲ್ಲಿ ಹಂತಹಂತವಾಗಿ ನಿಲ್ಲಿಸುವ ನಿಯಮವನ್ನು ಅಮೆರಿಕದ ಪರಿಸರ ಇಲಾಖೆ 2024ರ ಡಿಸೆಂಬರಿನಲ್ಲಿ ಪ್ರಕಟಿಸಿತು. ಎರಡು ಕಡೆಯೂ ಕಲೆಯನ್ನು ಬಿಡಿಸುವ ವಸ್ತು ಮೊದಲು ತಾಗಿದ್ದು ಕೆಲಸಗಾರರ ಉಸಿರಿಗೆ.

ಕಸಮುಸುರೆಯಿಂದ ಕಂಪನಿಗೆ

ಬಟ್ಟೆಯಂತೆ ಮನೆಯ ನೆಲ, ಗೋಡೆ, ಬಚ್ಚಲುಗಳ ಕಥೆಯೂ. ಸಗಣಿ ಸಾರಿಸಿದ ನೆಲಕ್ಕೆ ಕಲೆಯ ಚಿಂತೆ ಇರಲಿಲ್ಲ. ಮರುದಿನ ಮತ್ತೊಮ್ಮೆ ಸಾರಿಸಿದರೆ ನೆಲವೇ ಹೊಸದು. ಕೆಂಪು ಗಾರೆ, ಮೊಸಾಯಿಕ್, ಅಮೃತಶಿಲೆ, ಟೈಲುಗಳು ಬಂದಂತೆ ಕಲೆ ಎಂಬುದು ಶಾಶ್ವತ ಶತ್ರುವಾಯಿತು. ಅದನ್ನು ತೆಗೆಯುವ ಕೆಲಸ ಉಳ್ಳವರ ಮನೆಗಳಲ್ಲಿ ‘ಕಸಮುಸುರೆ’ಯ ಹೆಂಗಸಿನ ಪಾಲಾಯಿತು.

ಯಂತ್ರ ಹೊತ್ತು ಮನೆಮನೆಗೆ ಹೋಗಿ ಶುಚಿ ಮಾಡಿಕೊಡುವ ವ್ಯಾಪಾರ ಲಂಡನ್ನಿನಲ್ಲಿ 1901ರಷ್ಟು ಹಿಂದೆಯೇ ಆರಂಭವಾಗಿತ್ತು. ಹ್ಯೂಬರ್ಟ್ ಸೆಸಿಲ್ ಬೂತ್ ಎಂಬ ಎಂಜಿನಿಯರ್ ದೂಳು ಹೀರುವ ಯಂತ್ರವನ್ನು ಕುದುರೆಗಾಡಿಯ ಮೇಲೆ ಕೂರಿಸಿ ಬೀದಿಯಲ್ಲಿ ನಿಲ್ಲಿಸುತ್ತಿದ್ದ. ಅವನ ಆಳುಗಳು ಉದ್ದನೆಯ ಕೊಳವೆಗಳನ್ನು ಕಿಟಕಿಯ ಮೂಲಕ ಒಳಗೆ ತೂರಿಸಿ ರತ್ನಗಂಬಳಿಗಳ ದೂಳು ತೆಗೆಯುತ್ತಿದ್ದರು. ಏಳನೆಯ ಎಡ್ವರ್ಡ್‌ನ ಪಟ್ಟಾಭಿಷೇಕಕ್ಕೆ 1902ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಗಂಬಳಿಗಳನ್ನು ಈ ಯಂತ್ರದಿಂದಲೇ ಶುಚಿಗೊಳಿಸಲಾಯಿತು. ಕೈಯಲ್ಲಿ ಹಿಡಿದು ಓಡಾಡಿಸಬಲ್ಲ ವಿದ್ಯುತ್ ಯಂತ್ರವನ್ನು ರೂಪಿಸಿದವನು ಮಾತ್ರ ಎಂಜಿನಿಯರನಲ್ಲ. ಅಮೆರಿಕದ ಒಹಾಯೋ ರಾಜ್ಯದಲ್ಲಿ ಅಂಗಡಿಯೊಂದರ ಕಸ ಗುಡಿಸುತ್ತಿದ್ದ ಜೇಮ್ಸ್ ಸ್ಪ್ಯಾಂಗ್ಲರ್‌ಗೆ ದೂಳಿನಿಂದ ಉಬ್ಬಸ ಹೆಚ್ಚುತ್ತಿತ್ತು. ಮೋಟಾರು, ಕಡ್ಡಿ, ದಿಂಬಿನ ಚೀಲ ಸೇರಿಸಿ ಅವನು ತನಗಾಗಿ ಕಟ್ಟಿಕೊಂಡ ಯಂತ್ರದ ಪೇಟೆಂಟನ್ನು 1908ರಲ್ಲಿ ಹೂವರ್ ಕುಟುಂಬ ಕೊಂಡಿತು. ಕಸ ಗುಡಿಸುವವನ ಉಬ್ಬಸದಿಂದ ಹುಟ್ಟಿದ ಯಂತ್ರ ಕೊಂಡವರ ಹೆಸರಿನಲ್ಲಿ ಪ್ರಸಿದ್ಧವಾಯಿತು.

ನಮ್ಮ ದೇಶದ ಮಟ್ಟಿಗೆ ಈ ಪ್ರಶ್ನೆಯನ್ನು ತನ್ನ ಕೈಯಿಂದಲೇ ಪರೀಕ್ಷಿಸಿ ನೋಡಿದವರು ಗಾಂಧೀಜಿ. ದಕ್ಷಿಣ ಆಫ್ರಿಕದಲ್ಲಿ ವಕೀಲರಾಗಿದ್ದಾಗ ಅಗಸನ ಖರ್ಚು ಹೆಚ್ಚೆನಿಸಿ, ಬಟ್ಟೆ ಒಗೆಯುವ ಬಗ್ಗೆ ಪುಸ್ತಕ ಕೊಂಡು ಓದಿ ತಾವೇ ಕಲಿತರು. ಮೊದಲು ಒಗೆದ ಕಾಲರಿನಿಂದ ಗಂಜಿಯ ಪುಡಿ ಉದುರುತ್ತ, ನ್ಯಾಯಾಲಯದಲ್ಲಿ ಜೊತೆಯ ವಕೀಲರು ನಕ್ಕದ್ದನ್ನು ಆತ್ಮಕಥೆಯಲ್ಲಿ ಅವರೇ ಹೇಳಿಕೊಂಡಿದ್ದಾರೆ. 1912ರಲ್ಲಿ ಗೋಖಲೆಯವರು ಅಲ್ಲಿಗೆ ಬಂದಾಗ, ರಾನಡೆಯವರು ಕೊಟ್ಟಿದ್ದ ಅಮೂಲ್ಯವಾದ ಉತ್ತರೀಯಕ್ಕೆ ಇಸ್ತ್ರಿ ಮಾಡಬೇಕಾಯಿತು. ಗಾಂಧೀಜಿಯ ವಕೀಲಿಯ ಮೇಲೆ ನಂಬಿಕೆಯಿದ್ದ ಗೋಖಲೆಯವರಿಗೆ ಅವರ ಇಸ್ತ್ರಿಯ ಮೇಲೆ ಇರಲಿಲ್ಲ. ಗಾಂಧೀಜಿ ಹಠ ಹಿಡಿದು ಮಾಡಿದರು, ಮೆಚ್ಚುಗೆಯನ್ನೂ ಪಡೆದರು. ತಮಾಷೆಯ ಈ ಪ್ರಸಂಗದ ಹಿಂದೆ ಗಂಭೀರವಾದ ಮಾತಿದೆ. ಒಗೆಯುವುದೂ ಇಸ್ತ್ರಿ ಮಾಡುವುದೂ ಕಲಿಯಬೇಕಾದ ವಿದ್ಯೆಗಳು. ಕಲಿಯಲು ಕುಳಿತವರಿಗೆ ಮಾತ್ರ ಅದು ವಿದ್ಯೆಯಾಗಿ ಕಾಣುತ್ತದೆ.

ಈ ಶತಮಾನದಲ್ಲಿ ಬೆಂಗಳೂರಿನಂಥ ನಗರಗಳಲ್ಲಿ ಮನೆ ಶುಚಿ ಮಾಡುವುದೇ ಕಂಪನಿಗಳ ವ್ಯವಹಾರವಾಯಿತು. ಫೋನಿನಲ್ಲಿ ಹೊತ್ತು ಗೊತ್ತುಪಡಿಸಿದರೆ ಸಮವಸ್ತ್ರ ತೊಟ್ಟ ಇಬ್ಬರು ಮೂವರು ಯಂತ್ರ, ಬ್ರಷ್ಷು, ಬಾಟಲಿಗಳೊಡನೆ ಬಂದು ಕೆಲವು ಗಂಟೆಗಳಲ್ಲಿ ಮನೆಯನ್ನು ಹೊಳೆಸಿ ಹೋಗುತ್ತಾರೆ. ಮನೆಯವರು ಹೆಚ್ಚಾಗಿ ಮೆಚ್ಚುವುದು ಬಚ್ಚಲುಮನೆಯ ಟೈಲುಗಳ ಬಿಳಿ ಕಟ್ಟು ಮಾಯವಾದದ್ದನ್ನು. ಆ ಬಿಳಿ ಕಟ್ಟು ಕೊಳವೆಬಾವಿಯ ಗಡಸು ನೀರು ಬಿಟ್ಟುಹೋದ ಸುಣ್ಣ. ಅದನ್ನು ಕರಗಿಸುವುದು ಆ್ಯಸಿಡ್. ಒಂದು ಕಾಲಕ್ಕೆ ಇಂಗ್ಲೆಂಡಿನ ಹೊಲಗಳನ್ನು ಸುಟ್ಟ ಹೈಡ್ರೋಕ್ಲೋರಿಕ್ ಆಮ್ಲವೇ ಇಂದು ಬಚ್ಚಲ ಬಾಟಲಿಗಳಲ್ಲಿದೆ. ಅದು ಸುಣ್ಣದ ಕಟ್ಟನ್ನು ಕರಗಿಸುವ ಹಾಗೆಯೇ ಅಮೃತಶಿಲೆಯನ್ನೂ ಸಿಮೆಂಟನ್ನೂ ತಿನ್ನುತ್ತದೆ. ಅವಸರದಲ್ಲಿ ಆ್ಯಸಿಡ್ ಮತ್ತು ಬ್ಲೀಚನ್ನು ಒಟ್ಟಿಗೆ ಸುರಿದರೆ ಕ್ಲೋರಿನ್ ಅನಿಲವೇ ಏಳುತ್ತದೆ. 1915ರಲ್ಲಿ ಬೆಲ್ಜಿಯಮ್ಮಿನ ಈಪ್ರ್ ರಣರಂಗದಲ್ಲಿ ಸೈನಿಕರ ಮೇಲೆ ಬಿಟ್ಟ ವಿಷಾನಿಲ ಅದು. ಕಿಟಕಿ ಮುಚ್ಚಿದ ಸಣ್ಣ ಬಚ್ಚಲಿನಲ್ಲಿ ಮಂಡಿಯೂರಿ ಉಜ್ಜುವವರ ಮೂಗಿಗೂ ಆ ಬಾಟಲಿಗೂ ಇರುವ ಅಂತರ ಒಂದು ಮೊಳ. ಕೈಗವಸು, ತೆರೆದ ಕಿಟಕಿ, ಒಂದಾದ ಮೇಲೆ ಒಂದನ್ನು ಚೆನ್ನಾಗಿ ತೊಳೆದು ಬಳಸುವ ತಾಳ್ಮೆ, ಇವು ಸೌಜನ್ಯದ ಮಾತುಗಳಾಗಿ ಉಳಿಯಬಾರದು, ಕೆಲಸದ ನಿಯಮಗಳಾಗಬೇಕು.

ಕಾನೂನು ಈ ಕೆಲಸವನ್ನು ಕೆಲಸವೆಂದು ಗುರುತಿಸಿದ್ದು ತಡವಾಗಿ. ಕರ್ನಾಟಕ ಸರ್ಕಾರ 2004ರಲ್ಲಿ 
ಮನೆಗೆಲಸದವರನ್ನು ಕನಿಷ್ಠ ವೇತನದ ವ್ಯಾಪ್ತಿಗೆ ತಂದಿತು. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆ 2011ರಲ್ಲಿ ಮನೆಗೆಲಸದವರಿಗೆ ಯೋಗ್ಯ ದುಡಿಮೆಯ ಹಕ್ಕನ್ನು ಒಪ್ಪಂದದ ಮೂಲಕ ಘೋಷಿಸಿತು. ಭಾರತ ಅದನ್ನು ಅನುಮೋದಿಸಿಲ್ಲ. ಫೋನಿನ ಆ್ಯಪ್‌ಗಳ ಮೂಲಕ ಕೆಲಸ ಪಡೆಯುವವರಿಗೆ ಸಾಮಾಜಿಕ ಭದ್ರತೆ ಒದಗಿಸುವ ಕಾನೂನನ್ನು ಕರ್ನಾಟಕ 2025ರಲ್ಲಿ ತಂದಿದೆ. ಕಾಗದದ ಮೇಲಿನ ಈ ಹಕ್ಕುಗಳು ಬಚ್ಚಲುಮನೆಯ ಬಾಗಿಲವರೆಗೆ ಬರುವುದು ಇನ್ನು ಆಗಬೇಕಾದ ಕೆಲಸ.

ಸೌಳು ಮಣ್ಣಿನಿಂದ ಕಿಣ್ವದವರೆಗೆ, ಉಬ್ಬೆಯಿಂದ ಯಂತ್ರದವರೆಗೆ ಉಪಕರಣಗಳು ಬದಲಾದವು. ಬದಲಾಗದೆ ಉಳಿದದ್ದು, ಕಲೆ ಕಣ್ಣಿನಿಂದ ಮರೆಯಾದೊಡನೆ ಅದರ ಲೆಕ್ಕ ಮುಗಿಯಿತೆಂದು ತಿಳಿಯುವ ನಮ್ಮ ಅಭ್ಯಾಸ. ಕಣ್ಣಿಗೆ ಕಾಣದ ಕಡೆ ಆ ಲೆಕ್ಕ ಯಾವುದೋ ಕೆರೆಯ ಹೂಳಿನಲ್ಲಿ, ಯಾರದೋ ಅಂಗೈಯ ಸುಕ್ಕಿನಲ್ಲಿ ಮುಂದುವರಿಯುತ್ತಿರುತ್ತದೆ. ಅಳತೆ ಮೀರದ ಪುಡಿ, ಹೊಂದಿಕೆಯಾಗುವ ಮದ್ದು, ತೊಳೆಯುವವರಿಗೆ ನ್ಯಾಯವಾದ ಕೂಲಿ, ಇಷ್ಟನ್ನು ಪ್ರತಿ ಮನೆಯೂ ಮಾಡಬಲ್ಲದು. ಪಂಚೆಯ ಅರಿಸಿನಕ್ಕೆ ಮಾತ್ರ ಇದಾವುದರ ಗೊಡವೆ ಬೇಡ. ಒದ್ದೆ ಮಾಡಿ ಅಂಗಳದ ತಂತಿಯ ಮೇಲೆ ಹರವಿದರೆ ಸಾಕು.